ದೋಸೆಯವನ ಊರು

ಕಳೆದ ಭಾನುವಾರ ಐರೋಲಿಯಿಂದ ನೀವಿಬ್ಬರೂ ಬಂದಿದ್ದಾಗ ಊಟದ ನಡುವೆ "ಅಜ್ಜೀ, ಆಪ್‌ನೇ ವೋಟ್ ಕಿಸ್‌ಕೋ ದಿಯಾ?" ಎಂದು ಕೇಳಿದಿರಿ. ನಾನು ಮಜ್ಜಿಗೆ ತರುವ ನೆವದಲ್ಲಿ ಒಳಗೆ ಹೋದೆ. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಮೊದಲಿನಿಂದಲೂ ಕಷ್ಟ. ಓದಿದ್ದು ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಬರೆಯಲು ಕೂತರೆ ಮಾತ್ರ ಯಾರೂ ಮುಖ ನೋಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ತಿಳಿಯದಿದ್ದರೆ ಅಮ್ಮನಿಂದ ಓದಿಸಿಕೊಳ್ಳಿ.

ಯಾರಿಗೆ ಹಾಕಿದೆ ಎಂದು ಇಲ್ಲಿಯೂ ಹೇಳುವುದಿಲ್ಲ. ಆದರೆ ಮತ ಎಣಿಸುವ ದಿನ ನಾನು ಟಿ.ವಿ. ಹಾಕಲೇ ಇಲ್ಲ. ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದೆ. ಮದುವೆಯಾಗಿ ಡೊಂಬಿವಲಿಗೆ ಬಂದಂದಿನಿಂದ ಯಾವ ಎಣಿಕೆಯ ದಿನವೂ ನನಗೆ ಹಾಗೆ ನಿದ್ದೆ ಬಂದದ್ದಿಲ್ಲ. ಯಾರು ಗೆದ್ದರೆ ನಮ್ಮನ್ನು ಬಿಡುತ್ತಾರೆ, ಯಾರು ಗೆದ್ದರೆ ಓಡಿಸುತ್ತಾರೆ ಎಂಬ ಅಂಜಿಕೆಯೇ ಇರುತ್ತಿತ್ತು. ಈ ಸಲ ಅದು ಹೋಯಿತು. ಹೋದದ್ದು ನಮ್ಮ ಹೋಟೆಲಿನ ದೋಸೆಯವನಿಂದ.

ರೈಲು ಸ್ಟೇಷನ್ನಿನ ಪೂರ್ವಕ್ಕೆ ಸೇತುವೆ ಇಳಿಯುವಲ್ಲಿರುವ ನಮ್ಮ ಹೋಟೆಲಿನಲ್ಲಿ ನಿಮ್ಮ ಅಜ್ಜನ ಕಾಲಕ್ಕೆ ಎಲ್ಲರೂ ಊರಿನವರೇ. ಈಗ ಊರಿನಿಂದ ಯಾರೂ ಬರುವುದಿಲ್ಲ. ಒಡಿಶಾದವರು, ನೇಪಾಳದವರು, ಬಂಗಾಳದವರು ಬರುತ್ತಾರೆ. ಆದರೆ ಅಡುಗೆಕೋಣೆಯ ಭಾಷೆ ಬದಲಾಗಲಿಲ್ಲ, ಅದು ಇಂದಿಗೂ ತುಳು. "ರಡ್ಡ್ ಮಸಾಲೆ, ಒಂಜಿ ಸೆಟ್", ಎರಡು ಮಸಾಲೆ ಒಂದು ಸೆಟ್ ಎಂದು ಕೂಗಿದ್ದು ತಿಳಿಯದಿದ್ದರೆ ಒಲೆಯ ಮುಂದೆ ನಿಲ್ಲುವುದು ಹೇಗೆ? ಬಂದವರೆಲ್ಲ ಒಂದು ತಿಂಗಳಲ್ಲಿ ಕಲಿಯುತ್ತಾರೆ.

ದೋಸೆಯವನು ನದಿಯಾ ಜಿಲ್ಲೆಯವನು, ಬಂಗಾಳದಲ್ಲಿ, ದೇಶದ ಗಡಿಯ ಹತ್ತಿರ. ಕೊರಳಿನಲ್ಲಿ ತುಳಸಿಮಣಿ. ಬಂಗಾಳದವನಾದರೂ ಮೀನು ಮುಟ್ಟುವುದಿಲ್ಲ. ಬೆಳಿಗ್ಗೆ ಹಣದ ಗಲ್ಲೆಯ ಮೇಲಿನ ಕೃಷ್ಣನ ಪಟಕ್ಕೆ ಕೈಮುಗಿದೇ ಕಾವಲಿಗೆ ನೀರು ಚಿಮುಕಿಸುತ್ತಾನೆ. ನಮ್ಮ ಮನೆಯಲ್ಲಿ ಬುಧವಾರ ಬಂಗುಡೆ ಬೇಯುವ ವಾಸನೆಗೆ ಅವನು ಮೆಟ್ಟಿಲಲ್ಲೇ ನಿಂತುಬಿಡುತ್ತಿದ್ದ. "ಅಮ್ಮಾ, ನಮ್ಮ ಸಸ್ಯಾಹಾರಿ ಹೋಟೆಲಿನಲ್ಲಿ ಸರಿಯಾದ ಸಸ್ಯಾಹಾರಿ ಅಂದರೆ ಅವನೊಬ್ಬನೇ" ಎಂದು ಈಗ ಹೋಟೆಲು ನಡೆಸುವ ನಿಮ್ಮ ಮಾವ ನಗುತ್ತಿದ್ದ.

ಎರಡು ವರ್ಷದ ಹಿಂದೆ ಸ್ಟೇಷನ್ ರಸ್ತೆಯಲ್ಲಿ ಹೊಸದೊಂದು ರೂಢಿ ಶುರುವಾಯಿತು. ಯಾವುದಾದರೂ ಪಕ್ಷದ ಹುಡುಗರು ಗುಂಪಾಗಿ ಬಂದು ಕೂತು, ದೋಸೆ ಹೊಯ್ಯುವವನನ್ನೋ ಲೋಟ ತೊಳೆಯುವವನನ್ನೋ "ಕುಠ್‌ಲಾ ರೇ ತೂ?" ಎಂದು ಕೇಳುವುದು. ಯಾವ ಊರಿನವನೋ ನೀನು, ಅಷ್ಟೇ. ಆದರೆ ಉತ್ತರ ಬಿಹಾರವೋ ಬಂಗಾಳವೋ ಆದರೆ ಮೊಬೈಲು ಎತ್ತಿ ವಿಡಿಯೋ ಮಾಡುತ್ತಿದ್ದರು. ಬಂಗಾಳ ಎಂದರಂತೂ "ಗಡಿಯ ಈಚೆಯವನೋ ಆಚೆಯವನೋ" ಎನ್ನುತ್ತಿದ್ದರು.

ಅದಕ್ಕೆ ನಿಮ್ಮ ಮಾವ ದೋಸೆಯವನಿಗೆ ಒಂದು ಪಾಠ ಮಾಡಿದ. "ಯಾರೇ ಕೇಳಲಿ, ಯಾನ್ ಉಡುಪಿದಾಯೆ ಅನ್ನು, ಉಡುಪಿಯವನು ಅಂತ. ನಿನ್ನ ತುಳು ಕೇಳಿದರೆ ಬ್ರಹ್ಮನಿಗೂ ಸಂಶಯ ಬರಲಿಕ್ಕಿಲ್ಲ." ಅಡುಗೆಕೋಣೆಯಲ್ಲಿ ಅದೊಂದು ಆಟವೇ ಆಯಿತು. ಚಟ್ನಿ ರುಬ್ಬುವವನು ಆಗಾಗ "ಏ, ಓಲುದಾಯೆ?", ಎಲ್ಲಿಯವನೋ ಎಂದು ಗದರುವುದು, ಇವನು ಸಟ್ಟುಗ ಎತ್ತಿ "ಉಡುಪಿದಾಯೆ!" ಎನ್ನುವುದು. ಹುಡುಗರು ಬಂದು ಕೇಳಿದಾಗಲೂ ಅದೇ ಹೇಳಿದ. ಅವರು ದೋಸೆ ತಿಂದು ಹೋದರು.

ಈ ಉಪಾಯ ನಿಮ್ಮ ಮಾವನ ತಲೆಯಲ್ಲಿ ಹುಟ್ಟಿದ್ದಲ್ಲ. ನಾನು ಹೊಸದಾಗಿ ಬಂದಾಗ ನಮ್ಮನ್ನೇ ಲುಂಗಿಯವರು ಎಂದು ಹಂಗಿಸುತ್ತಿದ್ದ ಕಾಲವಿನ್ನೂ ಪೂರ್ತಿ ಹೋಗಿರಲಿಲ್ಲ. ನಿಮ್ಮ ಅಜ್ಜ ಕೆಲಸದವರಿಗೆ "ಕೇಳಿದರೆ ಕೊಲ್ಹಾಪುರದ ಕಡೆ ಅನ್ನಿ" ಎಂದು ಹೇಳಿಕೊಟ್ಟಿದ್ದರು. ಅಂದು ನಾವು ಮುಚ್ಚಿಟ್ಟ ಊರು ಇಂದು ಇನ್ನೊಬ್ಬನಿಗೆ ಕೊಡೆಯಾಯಿತಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು.

ದೋಸೆಯವನು ಕಲ್ಯಾಣದ ಆಚೆಯ ಶಹಾಡದಲ್ಲಿ ಒಂದು ಕೋಣೆಯಲ್ಲಿದ್ದ. ಕೂಡೆ ಅವನ ಊರಿನವರೇ ಮೂವರು, ಅಲ್ಲಿನ ಕಾರ್ಖಾನೆಯಲ್ಲಿ ದುಡಿಯುವವರು. ಚುನಾವಣೆ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಪೊಲೀಸರು ಆ ಕೋಣೆಗಳ ಸಾಲಿಗೆ ಬಂದು ಒಬ್ಬೊಬ್ಬರನ್ನೇ ಕೇಳಿದರು. ಮೂವರೂ ನದಿಯಾ ಎಂದರು, ಕಾರ್ಡು ತೋರಿಸಿದರು, ಆಯಿತು. ಇವನು ಹಲ್ಲುಜ್ಜುತ್ತಿದ್ದವನು ತಿರುಗಿ, ಕಲಿತ ಪಾಠದಂತೆ ಬಾಯಿತಪ್ಪದೆ "ಉಡುಪಿ" ಎಂದ. ಕಾರ್ಡಿನಲ್ಲಿ ನದಿಯಾ. ಸುಳ್ಳು ಹೇಳುವವನು ಯಾಕೆ ಹೇಳುತ್ತಾನೆ? ಗಡಿಯ ಆಚೆಯವನೇ ಇರಬೇಕು, ಕಾರ್ಡೂ ಸುಳ್ಳೇ ಇರಬೇಕು. ಅವನೊಬ್ಬನನ್ನೇ ಕರೆದುಕೊಂಡು ಹೋದರು.

ಕೋಣೆಯವನೊಬ್ಬ ಓಡಿ ಬಂದು ಹೇಳಿದಾಗ ನಿಮ್ಮ ಮಾವ ಗಲ್ಲೆಯಿಂದ ಏಳಲಾರದೆ ಕೂತುಬಿಟ್ಟ. ಹಾಗೆ ಹಿಡಿದವರನ್ನು ದೂರ ಒಯ್ದು ಗಡಿಯಾಚೆ ದೂಡಿಬಿಡುತ್ತಾರೆ ಎಂದು ಆಗ ಎಲ್ಲರ ಬಾಯಲ್ಲೂ ಇತ್ತು. ನಿಜವೋ ಸುಳ್ಳೋ, ನಮಗೆ ಅದೊಂದೇ ಭಯ.

"ನಾನು ಹೋಗಿ ಪೊಲೀಸ್ ಸ್ಟೇಷನ್ನಿನಲ್ಲಿ ಏನು ಹೇಳಲಿ ಅಮ್ಮ? ನಾವೇ ಕಲಿಸಿದ್ದು ಅಂತಲೋ? ಹೋಟೆಲು ಮುಚ್ಚಿಸುತ್ತಾರೆ."

"ಮತ್ತೆ ಅವನು?"

"ದೊಡ್ಡವರು ಯಾರಾದರೂ ಒಂದು ಮಾತು ಹೇಳಿದರೆ ಬಿಡುತ್ತಾರೆ."

ದೊಡ್ಡವರು ನಮಗೆ ಗೊತ್ತಿಲ್ಲದವರೇನೂ ಅಲ್ಲ. ಎಲ್ಲ ಪಕ್ಷದವರೂ ನಮ್ಮಲ್ಲಿ ಕಾಫಿ ಕುಡಿದವರೇ. ಗಣಪತಿಗೆ, ದಹಿಹಂಡಿಗೆ, ಅವರವರ ನಾಯಕರ ಹುಟ್ಟುಹಬ್ಬಕ್ಕೆ ವರ್ಗಣಿ ಎಂದು ಚಂದಾ ಒಯ್ದವರೇ. ಮೊದಲು ನಮ್ಮ ವಾರ್ಡಿನ ಹಳೆಯ ನಗರಸೇವಕರ, ಎಂದರೆ ಪಾಲಿಕೆ ಸದಸ್ಯರ, ಆಫೀಸಿಗೆ ಹೋದೆವು. ಒಬ್ಬನೇ ಹೋಗಲು ನಿಮ್ಮ ಮಾವನಿಗೆ ಧೈರ್ಯವಿಲ್ಲ. ಮುದುಕಿ ಎದುರಿಗಿದ್ದರೆ ಬೈಯುವುದಿಲ್ಲ ಎಂದು ನನ್ನನ್ನೂ ಕರೆದುಕೊಂಡ.

ಅವರು ಎದ್ದು ನನ್ನ ಕಾಲಿಗೆ ನಮಸ್ಕಾರ ಮಾಡಿದರು. ಪೂರ್ತಿ ಕೇಳಿದರು. ಆಮೇಲೆ, "ಅಣ್ಣಾ, ನೀವು ನಮ್ಮವರು. ನಿಮಗೆ ಏನಾದರೂ ಆದರೆ ಮಧ್ಯರಸ್ತೆಯಲ್ಲಿ ನಿಲ್ಲುತ್ತೇನೆ. ಆದರೆ ಬಂಗಾಳದವನ ಹೆಸರು ಈಗ ನನ್ನ ಬಾಯಿಂದ ಬರಬಾರದು. ಟಿಕೆಟ್ ಹೋಗುತ್ತದೆ" ಎಂದರು.

ನಾವು ಯಾವಾಗಿನಿಂದ ಅವರಿಗೆ ನಮ್ಮವರಾದೆವೋ ನನಗೆ ತಿಳಿಯಲಿಲ್ಲ. ನಿಮ್ಮ ಅಜ್ಜನ ಕಾಲದಲ್ಲಿ ಇದೇ ಪಕ್ಷದವರ ಮೆರವಣಿಗೆ ಬಂದರೆ ನಾವು ಅರ್ಧ ಶಟರ್ ಎಳೆಯುತ್ತಿದ್ದೆವು.

ಆಮೇಲೆ ಪಕ್ಕದ ಕಲ್ಯಾಣ ಪಟ್ಟಣಕ್ಕೆ ಹೋದೆವು, ಇನ್ನೊಂದು ದೊಡ್ಡ ಪಕ್ಷದ ಆಫೀಸಿಗೆ. ನಿಮ್ಮ ಅಜ್ಜ ಸಾಯುವವರೆಗೂ ಒಂದು ಸಲವೂ ತಪ್ಪದೆ ಓಟು ಹಾಕಿದ ಪಕ್ಷ ಅದು. ನನಗೂ ಅದೇ ಚಿಹ್ನೆ ತೋರಿಸಿಕೊಟ್ಟಿದ್ದರು, ನಾನೂ ಅದನ್ನೇ ಒತ್ತುತ್ತಿದ್ದೆ. ಹೊರಗಿನವರ ಪರವಾಗಿ ಟಿ.ವಿ.ಯಲ್ಲಿ ಮೇಜು ಗುದ್ದಿ ಮಾತಾಡುತ್ತಿದ್ದವರು ಅವರೇ. ಇವರು ಕೈಬಿಡಲಾರರು ಎಂದು ರೈಲಿನಲ್ಲಿ ಕೂತು ನಾನು ದೇವರಿಗೆ ಹರಕೆಯನ್ನೂ ಹೇಳಲಿಲ್ಲ.

ಅಲ್ಲಿದ್ದ ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ. "ಅವನ ಓಟು ಇಲ್ಲಿದೆಯೋ?"

"ಇಲ್ಲ ಸಾಹೇಬ್, ಅವನ ಊರಿನಲ್ಲಿದೆ" ಎಂದ ನಿಮ್ಮ ಮಾವ.

"ಹಾಗಾದರೆ ಅಲ್ಲಿಯವರಿಗೆ ಹೇಳಿ. ಬೇಕಾದರೆ ನಾನೊಂದು ಹೇಳಿಕೆ ಕೊಡುತ್ತೇನೆ, ಎಲ್ಲರಿಗೂ ಸೇರಿ. ಒಬ್ಬನಿಗಾಗಿ ಸ್ಟೇಷನ್ನಿಗೆ ಹೋದೆನೋ, ಸಂಜೆಯೊಳಗೆ ನನ್ನ ಫೋಟೋ ಎಲ್ಲರ ಮೊಬೈಲಿನಲ್ಲಿರುತ್ತದೆ."

ವಾಪಸು ಬರುವಾಗ ರೈಲಿನ ಮಹಿಳಾ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಏನೋ ಹಗುರವಾದಂತೆ ಇತ್ತು. ಇಷ್ಟು ವರ್ಷ ಬಾಗಿಲಲ್ಲಿ ನಿಂತು ಯಾರಿಗೋ ಕಾಯುತ್ತಿದ್ದೆ, ಅವರು ಬರುವವರಲ್ಲ ಎಂದು ಗೊತ್ತಾದ ಮೇಲೆ ಒಳಗೆ ಹೋಗಿ ಕೂರಬಹುದಲ್ಲ, ಹಾಗೆ.

ಮನೆಗೆ ಬಂದರೆ ಎದುರು ಬಾಗಿಲಿನ ಮರಾಠಿ ಕಾಕೂ ಕಾಯುತ್ತಿದ್ದಳು. ನಿಮಗೆ ಪುರಣಪೋಳಿ ಕೊಡುವ ಕಾಕೂವೇ. ಅವಳ ಮಗ ಪಕ್ಷದ ಬಾವುಟ ಹಿಡಿದವನು. ಅವಳದ್ದೂ ದಿನಾ ಅದೇ ಪುರಾಣ, "ಲೋಕಲ್ ರೈಲಿನಲ್ಲಿ ಕಾಲಿಡಲು ಜಾಗವಿಲ್ಲ, ಇಡೀ ದೇಶ ನಮ್ಮ ಠಾಣೆ ಜಿಲ್ಲೆಗೇ ಬಂದು ಬೀಳಬೇಕೇ?" ಎಂದು. ಹೇಳುವಾಗ ನನ್ನನ್ನೂ ಸೇರಿಸಿಯೇ ಬೈಯುತ್ತಾಳೆ, ಆಮೇಲೆ ಸಕ್ಕರೆ ಸಾಲ ಕೇಳುತ್ತಾಳೆ.

"ಎಲ್ಲೆಲ್ಲಿ ಹೋಗಿದ್ದಿ?" ಎಂದಳು. ಹೇಳಿದೆ.

"ಅವರ ಹತ್ತಿರ ಯಾಕೆ ಹೋದೆ? ಅವನಿಗೆ ದಿನಾ ಅನ್ನ ಹಾಕುವವಳು ನೀನು. ನಿನ್ನ ನಾಲಿಗೆಗೆ ಏನು ತುಕ್ಕು ಹಿಡಿದಿದೆಯೋ?"

"ನನಗೆ ಮಾತು ಬರುವುದಿಲ್ಲ ಕಾಕೂ."

"ನನ್ನ ಹತ್ತಿರ ಮೂವತ್ತು ವರ್ಷದಿಂದ ಜಗಳ ಆಡುತ್ತಿದ್ದೀಯಲ್ಲ, ಅದು ಯಾವ ಭಾಷೆ? ನಡಿ. ಜನ ಹೆಚ್ಚಾಯಿತು ಎಂದು ನಾನು ಹೇಳುತ್ತೇನೆ, ನಾಳೆಯೂ ಹೇಳುತ್ತೇನೆ. ಆದರೆ ಆ ತುಳಸಿಮಾಲೆಯವನನ್ನು ಗಡಿಯಾಚೆ ಎಸೆಯುವುದಕ್ಕೆ ನಾನು ಹೇಳಿದ್ದಲ್ಲ."

ಸೆರಗು ಸರಿಮಾಡಿಕೊಳ್ಳುವಷ್ಟೂ ಪುರುಸೊತ್ತು ಕೊಡದೆ ರಿಕ್ಷಾ ಹತ್ತಿಸಿದಳು. ನಿಮ್ಮ ಮಾವ ಹಿಂದಿನಿಂದ ಸ್ಕೂಟರಿನಲ್ಲಿ ಬಂದ, "ಅಮ್ಮ, ಕಲಿಸಿದ್ದು ನಾವು ಅಂತ ಮಾತ್ರ ಹೇಳಬೇಡ" ಎಂದು ಸಿಗ್ನಲಿನಲ್ಲಿ ನಿಂತಲ್ಲೆಲ್ಲ ಹೇಳುತ್ತ.

ಸ್ಟೇಷನ್ನಿನಲ್ಲಿ ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಬೆಳಗಿನಿಂದ ಅನ್ನ ಕಂಡಂತಿರಲಿಲ್ಲ, ಮುಖ ಬಾಡಿತ್ತು. ಕಾಕೂ ಶುರು ಮಾಡಿದಳು. ಅವಳು ಶುರು ಮಾಡಿದರೆ ಸಾತಾರಾದ ತನ್ನ ಅಜ್ಜನಿಂದ ಶುರು ಮಾಡುತ್ತಾಳೆ. ಅಧಿಕಾರಿ ಕೈಯೆತ್ತಿ ತಡೆದು, "ಅವನು ಯಾರ ಹೋಟೆಲಿನವನು? ಅವರು ಮಾತಾಡಲಿ" ಎಂದರು. ನಿಮ್ಮ ಮಾವ ನನ್ನ ಮುಖ ನೋಡಿದ. ಒಂದು ಮಾತು ಹೆಚ್ಚಾದರೆ ನಿಮ್ಮ ಅಜ್ಜ ಕಟ್ಟಿದ ಹೋಟೆಲು. ಒಂದು ಮಾತು ಕಡಿಮೆಯಾದರೆ ಒಳಗಿರುವವನ ಜೀವ.

ನನ್ನ ಹರಕು ಮರಾಠಿಯಲ್ಲಿ ಹೇಳಿದೆ. "ಸಾಹೇಬ, ಅವನು ಸುಳ್ಳುಗಾರನಲ್ಲ. ಉಡುಪಿ ಎಂದು ಹೇಳು ಅಂತ ನಾವೇ ಹೇಳಿಕೊಟ್ಟದ್ದು."

ನಿಮ್ಮ ಮಾವ ಕಣ್ಣು ಮುಚ್ಚಿಕೊಂಡ.

"ಯಾಕೆ?"

"ಹೆದರಿಕೆಗೆ."

"ಯಾರ ಹೆದರಿಕೆ?"

"ಊರು ಯಾವುದು ಎಂದು ಕೇಳುವವರದ್ದು."

ಅವರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ. "ಆಜಿ, ಈ ಮಾತು ಬೆಳಿಗ್ಗೆಯೇ ಬಂದು ಹೇಳಿದ್ದರೆ ನನ್ನದೂ ಊಟ ಆಗಿರುತ್ತಿತ್ತು" ಎಂದರು. ಅವನ ಊರಿನ ಪೊಲೀಸ್ ಠಾಣೆಗೆ ಫೋನ್ ಮಾಡಿಸಿದರು. ಅಲ್ಲಿಂದ ಉತ್ತರ ಬರುವವರೆಗೆ ನಾವು ಬೆಂಚಿನ ಮೇಲೆ ಕೂತೆವು. ಕಾಕೂ ಒಬ್ಬಳು ಪೇದೆ ಹೆಂಗಸಿನ ಜೊತೆ ಉಪ್ಪಿನಕಾಯಿಯ ಮಾತಿಗೆ ಇಳಿದಳು. ಕೊನೆಗೆ ಪಂಚಾಯತಿಯವರೊಬ್ಬರು ವಿಡಿಯೋದಲ್ಲಿ ಬಂದರು. ಅವರ ಪಕ್ಕದಲ್ಲಿ ಒಬ್ಬಳು ಮುದುಕಿ ಅಳುತ್ತಿದ್ದಳು. ಯಾರೆಂದು ಯಾರೂ ಹೇಳಬೇಕಾಗಲಿಲ್ಲ, ಅದೇ ಮೂಗು.

ಆಮೇಲೆ ಅವನನ್ನು ಹೊರಗೆ ಕರೆತಂದರು. ತಲೆ ಕೆದರಿತ್ತು, ಬೆಳಿಗ್ಗೆ ಹಲ್ಲುಜ್ಜುವಾಗ ಉಟ್ಟಿದ್ದ ಲುಂಗಿಯಲ್ಲೇ ಇದ್ದ. ಅಧಿಕಾರಿ ಎಲ್ಲ ತಿಳಿದವರೇ, ಆದರೂ ಕೊನೆಗೊಮ್ಮೆ ಕೇಳಿದರು. "ಹಾಂ, ಈಗ ಹೇಳು. ಕುಠ್‌ಲಾ ತೂ?"

ಅವನು ನನ್ನ ಕಡೆ ತಿರುಗಿ ನೋಡಿದ. ಏನು ಹೇಳಬೇಕು ಅಮ್ಮ ಎಂಬಂತೆ. ಮಕ್ಕಳೇ, ಆ ನೋಟವನ್ನು ನಾನು ಮರೆಯಲಾರೆ. ಮೂವತ್ತು ದಾಟಿದ ಗಂಡಸು, ತನ್ನ ಊರಿನ ಹೆಸರು ಹೇಳಲು ನನ್ನ ಅಪ್ಪಣೆಗೆ ಕಾಯುತ್ತಿದ್ದ.

"ನಿನ್ನ ಊರನ್ನೇ ಹೇಳಪ್ಪ" ಎಂದೆ, ತುಳುವಿನಲ್ಲಿ.

ಜಿಲ್ಲೆಯಿಂದ ಹಿಡಿದು ಮನೆಯ ಹತ್ತಿರದ ಕೆರೆಯವರೆಗೆ ಒಂದೇ ಉಸಿರಿನಲ್ಲಿ ಹೇಳಿದ. ಸಾಕು ಸಾಕು ಎಂದು ಅಧಿಕಾರಿ ನಕ್ಕರು. ನಿಮ್ಮ ಮಾವನಿಗೆ ಮಾತ್ರ, "ಇನ್ನು ಕೆಲಸದವರು ಬಂದರೆ ನಮಗೆ ತಿಳಿಸಬೇಕು, ಕತೆ ಕಟ್ಟಬಾರದು" ಎಂದು ಎಚ್ಚರಿಕೆ ಹೇಳಿ ಕಳಿಸಿದರು. ಹೋಟೆಲು ಮುಚ್ಚಲಿಲ್ಲ.

ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ರಿಕ್ಷಾದಲ್ಲಿ ನಮ್ಮಿಬ್ಬರ ನಡುವೆ ಕೂತು ಅವನು ನಿದ್ದೆಹೋದ. ತಲೆ ಕಾಕೂಳ ಭುಜಕ್ಕೆ ಬಿತ್ತು. "ನೋಡು, ಜಾಗ ಕೊಟ್ಟರೆ ಹೀಗೇ" ಎಂದಳು, ಆದರೆ ಭುಜ ಸರಿಸಲಿಲ್ಲ.

ಚುನಾವಣೆಗೆ ಮೊದಲು ಇಬ್ಬರು ದೊಡ್ಡವರೂ ಕೈಮುಗಿದುಕೊಂಡು ಬಂದರು. ಕಾಫಿ ಕೊಟ್ಟೆವು, ವರ್ಗಣಿ ಕೊಡಲಿಲ್ಲ. ಏನಾದೀತೋ ಎಂದು ನಿಮ್ಮ ಮಾವ ವಾರವಿಡೀ ಅಂಜಿದ. ಏನೂ ಆಗಲಿಲ್ಲ. ಗುಂಪಿನ ಹುಡುಗರೂ ಬಂದು ಹಳೆಯ ಪ್ರಶ್ನೆ ಕೇಳಿದರು. ದೋಸೆಯವನು "ಬಂಗಾಳ, ನದಿಯಾ" ಎಂದ. ಒಬ್ಬ ಮೊಬೈಲು ಎತ್ತಿದ. ನಿಮ್ಮ ಮಾವ ಗಲ್ಲೆಯಿಂದ ಎದ್ದು ದೋಸೆಯವನ ಪಕ್ಕ ಹೋಗಿ ನಿಂತ, "ನನ್ನನ್ನೂ ತೆಗಿ, ನಾನು ಉಡುಪಿಯವನು" ಎಂದ. ಹುಡುಗ ಮೊಬೈಲು ಕಿಸೆಗಿಟ್ಟ. ಯಾವಾಗಲೂ ಹೀಗೇ ಸುಲಭವಾಗಿ ಮುಗಿಯುತ್ತದೆ ಎಂದು ನಾನು ನಂಬಿಲ್ಲ. ಅಂದು ಮುಗಿಯಿತು.

ಓಟಿನ ದಿನ ಚಿಹ್ನೆಗಳನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ನೋಡಿದೆ. ಯಾವುದೂ ನನ್ನದಲ್ಲ, ಯಾವುದರ ಹೆದರಿಕೆಯೂ ಇಲ್ಲ. ಒಂದನ್ನು ಒತ್ತಿ ಬಂದೆ.

ಹೆಂಡತಿಯನ್ನು ಇಲ್ಲಿಗೆ ತರಲು ದೋಸೆಯವನು ವರ್ಷಗಳಿಂದ ಹಿಂಜರಿಯುತ್ತಿದ್ದ. ಅವಳಿಗೆ ತುಳುವೂ ಬಾರದು, ಅವಳ ಊರನ್ನು ಹೇಗೆ ಮುಚ್ಚಿಡುವುದು ಎಂದು. ಈಗ ಕರೆತಂದಿದ್ದಾನೆ. ಮೊನ್ನೆ ಅವಳು ನಮ್ಮ ಮನೆಗೆ ಬಂದು, ಸುಮ್ಮನೆ ಕೂರಲು ಒಪ್ಪದೆ, ಒಲೆಯ ಮೇಲಿದ್ದ ನನ್ನ ಸೌತೆಕಾಯಿ ಹುಳಿಗೆ ಅವರ ಊರಿನ ರೂಢಿಯಂತೆ ಒಂದು ಮುಷ್ಟಿ ಸಕ್ಕರೆ ಸುರಿದಳು. ಕಾಕೂ ರುಚಿ ನೋಡಿ, "ಇವಳನ್ನು ವಾಪಸು ಕಳಿಸಿ" ಎಂದಳು. ಆ ಹುಡುಗಿಗೆ ಮರಾಠಿ ತಿಳಿಯದು, ಹೊಗಳಿದರೆಂದು ನಾಚಿದಳು. ಮೂವರೂ ಅದನ್ನೇ ಕಲಸಿಕೊಂಡು ಊಟ ಮಾಡಿದೆವು. ಕಾಕೂ ಎರಡು ಸಲ ಬಡಿಸಿಕೊಂಡಳು.