ಹಾಡಿಲ್ಲದೆ ಆಡೋದಿಲ್ಲ ಎಂದ ದಿನ

ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟಕ್ಕೆ ಹಿನ್ನೆಲೆಯಲ್ಲಿ ಯಾವ ಹಾಡು ಇರಬೇಕು ಎಂಬ ವಿಷಯಕ್ಕೆ ಸ್ನೇಹ ಕಳೆದುಕೊಂಡವರು ಮೈಸೂರಿನಲ್ಲಿ ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ನಾನಂತೂ ಒಬ್ಬ. ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು, ಈಗ ನಾಚಿಕೆಪಡುವುದಕ್ಕೂ ಸುಸ್ತು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಕಡಕೊಳದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರದ ಮುಂದೆ ನಿಲ್ಲುತ್ತಿದ್ದೆ. ವಾರವಿಡೀ ಅದರ ಧಡ್ ಧಡ್ ಕೇಳಿ ಕೇಳಿ, ಭಾನುವಾರ ಬೆಳಿಗ್ಗೆ ಅಶೋಕಪುರಂನ ಗೇಮ್ ಸೆಂಟರಿಗೆ ಹೋಗಿ ಕೂತರೆ ಮತ್ತೆ ಮನುಷ್ಯನಾದೆ ಎನಿಸುತ್ತಿತ್ತು. ಸೆಂಟರ್ ನಡೆಸುತ್ತಿದ್ದ ಅಕ್ಕ ಮೊದಲು ಅಲ್ಲೇ ಟೈಪಿಂಗ್ ಕಲಿಸುತ್ತಿದ್ದವರು. ಕಲಿಯಲು ಯಾರೂ ಬಾರದಂತಾದ ಮೇಲೆ ಅದೇ ಮೇಜುಗಳ ಮೇಲೆ ಎಂಟು ಕಂಪ್ಯೂಟರ್ ಇಟ್ಟು, ವೈರಿನಿಂದ ಒಂದಕ್ಕೊಂದು ಜೋಡಿಸಿದ್ದರು. ನಾಲ್ವರ ಎರಡು ತಂಡ. ಗೆದ್ದ ತಂಡ ಮುಂದಿನ ಆಟಕ್ಕೆ ಗೋಡೆಯ ಸ್ಪೀಕರಿನಲ್ಲಿ ಯಾವ ಹಾಡು ಎಂದು ಆರಿಸಬೇಕು, ಸೋತವರು ಬಾಯಿ ಮುಚ್ಚಿಕೊಂಡು ಕೇಳಬೇಕು. ಇದು ಅಕ್ಕನ ಸೆಂಟರಿನ ಕಟ್ಟಳೆ.

ನಮ್ಮ ತಂಡದ ಮುಂದಾಳು ನನ್ನ ಗೆಳೆಯ. ಅವನ ಮನೆಯವರದು ವಿಭೂತಿ, ಕರ್ಪೂರ, ಬತ್ತಿ ಮಾರುವ ಅಂಗಡಿ. ಹಣೆಯ ಮೇಲಿನ ಮೂರು ಗೆರೆ ಅಳಿಸದೆ ಬಂದು ಕೂತು, ಒಂದು ಗುಂಡೂ ದಂಡವಾಗದಂತೆ ಹೊಡೆಯುತ್ತಿದ್ದ. ಅವನಿಗೆ ಮೆಲ್ಲನೆಯ ಕೊಳಲು ಬೇಕು. ಅದರ ನಡುವೆ ಎದುರಾಳಿಯ ಹೆಜ್ಜೆ ಸದ್ದು ಕೇಳಬೇಕಲ್ಲ. ಆ ಆಟದಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಕಂಪ್ಯೂಟರಿನ ಎರಡೂ ಪಕ್ಕದ ಪುಟ್ಟ ಸ್ಪೀಕರುಗಳಲ್ಲಿ ಹೆಜ್ಜೆ ಎಡದಿಂದ ಬಂತೋ ಬಲದಿಂದ ಬಂತೋ ತಿಳಿದವನು ಉಳಿಯುತ್ತಾನೆ. ನನಗೆ ಮಾತ್ರ ತಮಟೆಯ ಹಾಡೇ ಆಗಬೇಕು, ಅದೂ ಗೋಡೆ ಅದುರುವಷ್ಟು.

"ತಮಟೆ ಇಲ್ದಿದ್ರೆ ಇವನ ಕೈನೇ ಓಡಲ್ಲ ಕಣ್ರೋ," ಎಂದು ನಕ್ಕು ಗೆಳೆಯ ನನ್ನ ಹಾಡನ್ನೇ ಹಾಕಿಸುತ್ತಿದ್ದ.

ನಿಜ ಬೇರೆಯೇ ಇತ್ತು. ಕಾರ್ಖಾನೆಯ ಯಂತ್ರ ನನ್ನ ಎಡಕ್ಕಿತ್ತು, ಎಡಗಿವಿ ಮಂದವಾಗುತ್ತ ಬಂದಿತ್ತು. ಎಲ್ಲರಿಗೂ ಕೇಳುವ ಎಡಗಡೆಯ ಹೆಜ್ಜೆ ನನಗೊಬ್ಬನಿಗೆ ಕೇಳುತ್ತಿರಲಿಲ್ಲ. ತಮಟೆ ಬಡಿದರೆ ಯಾರಿಗೂ ಕೇಳುವುದಿಲ್ಲ. ಆಗ ಎಲ್ಲರೂ ನನ್ನ ಹಾಗೆಯೇ. ಪಕ್ಕದ ಯಂತ್ರದ ಹಿರಿಯರೊಬ್ಬರನ್ನು ನಾವು ಕೆಪ್ಪಣ್ಣ ಎಂದು ಕರೆಯುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ. ಆ ಹೆಸರು ನನಗೆ ಅಂಟಿಕೊಂಡೀತೆಂದು ಹೆದರಿದ್ದೆ.

ಒಂದು ದಿನ ಮಹಡಿಯ ಮನೆಯವರು, ಮಕ್ಕಳಿಗೆ ಪರೀಕ್ಷೆ ಇದೆ, ಈ ಗಲಾಟೆ ಸಾಕು ಎಂದು ಜಗಳಕ್ಕೆ ಬಂದರು. ಅಕ್ಕ ಹಾಡು ನಿಲ್ಲಿಸಿ, ಸ್ಪೀಕರುಗಳನ್ನೆಲ್ಲ ತೆಗೆದು ಎಂಟು ಹೆಡ್‌ಫೋನ್ ತಂದರು. ಆ ಭಾನುವಾರ ಆಡಿದ ಏಳು ಆಟದಲ್ಲೂ ಮೊದಲು ಸತ್ತವನು ನಾನು, ಏಳು ಸಲವೂ ಎಡಗಡೆಯಿಂದ. ಅಷ್ಟರಲ್ಲಿ ಹೂಟಗಳ್ಳಿಯ ಒಂದು ಸೆಂಟರಿನವರೊಡನೆ ಪಂದ್ಯ ಗೊತ್ತಾಗಿತ್ತು. ಗೆಳೆಯ ತಿಂಗಳಿಂದ ಅದೇ ಜಪ ಮಾಡುತ್ತಿದ್ದ.

ಹೊರಗೆ ಜಗಲಿಯ ಮೇಲೆ ಕೂತು ಅವನು ಸಮಾಧಾನವಾಗಿಯೇ ಕೇಳಿದ. "ಏನಾಯ್ತೋ ನಿಂಗೆ? ಇನ್ನೆರಡು ವಾರ ಐತೆ, ಹಾಡಿಲ್ದೆ ಆಡಿ ಅಭ್ಯಾಸ ಮಾಡ್ಕೊ."

"ಹಾಡಿಲ್ದೆ ಅದೆಂಥ ಆಟ? ನಾನ್ ಆಡಲ್ಲ," ಎಂದೆ.

"ಹಾಡು ಬೇಕಾ, ನಾವು ಬೇಕಾ? ಹೇಳ್ಬುಡು."

"ಹಾಡು," ಎಂದುಬಿಟ್ಟೆ.

ಕಿವಿ ಕೇಳುತ್ತಿಲ್ಲ ಎಂಬ ಒಂದು ಮಾತು ಬಾಯಿಯವರೆಗೆ ಬಂದು ಹಿಂದಕ್ಕೆ ಹೋಗಿತ್ತು. ಅವನ ಮುಖ ಸಣ್ಣದಾಯಿತು. ಎದ್ದು ಒಳಗೆ ಹೋದ. ಇನ್ನೊಬ್ಬನನ್ನು ಸೇರಿಸಿಕೊಂಡು ಹೂಟಗಳ್ಳಿಗೆ ಹೋಗಿ ಸೋತು ಬಂದರಂತೆ. ಅವರು ಸೋತದ್ದಕ್ಕೆ ಒಂದು ದಿನ ಖುಷಿಪಟ್ಟೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಆಮೇಲೆ ಸೆಂಟರಿನ ಬೀದಿ ಬಿಟ್ಟು ಬಳಸಿ ಓಡಾಡತೊಡಗಿದೆ. ಭಾನುವಾರ ಮಾಡಲು ಏನೂ ಇರುತ್ತಿರಲಿಲ್ಲ. ಮಧ್ಯಾಹ್ನದವರೆಗೆ ಮಲಗಿರುತ್ತಿದ್ದೆ, ಆದರೂ ಸೋಮವಾರ ಮೈ ಏಳುತ್ತಿರಲಿಲ್ಲ.

ಐದಾರು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಯಾರೋ ಭುಜ ಮುಟ್ಟಿದರು. ತಿರುಗಿದರೆ ಅವನು. ಎಡಗಡೆ ನಿಂತು ಆಗಲೇ ಎರಡು ಸಲ ಕರೆದಿದ್ದನಂತೆ. ನನ್ನ ಮುಖವನ್ನೇ ನೋಡಿದ. ಆಮೇಲೆ ನನ್ನ ಬಲಗಡೆಗೆ ಬಂದು ನಿಂತ.

"ಯಾವಾಗಿಂದ?" ಎಂದ.

"ಆಗಿಂದಾನೇ," ಎಂದೆ.

"ಅವತ್ತೇ ಹೇಳಿದ್ರೆ ನಿನ್ನ ಎಡಗಡೆ ನಾನ್ ನೋಡ್ಕೋತಿರ್ಲಿಲ್ವೇನೋ," ಎಂದ.

ಕಡಕೊಳದ ಬಸ್ಸು ಬಂದು ನಿಂತಿತು. ನಾನು ಹತ್ತಲಿಲ್ಲ.