ಚಾರ್ಜ್ ಮಾಡಿಸದ ಬ್ಯಾಟರಿ

ವಡೋದರಾದ ಗೋರ್ವಾದಲ್ಲಿ ನಮ್ಮ ಸುತ್ತಮುತ್ತ ಕನ್ನಡದ ಮನೆಗಳು ಹತ್ತು ಹನ್ನೆರಡು ಇರಬಹುದು. ಫ್ರಿಜ್ ಕೊಳ್ಳುವವರು, ಬಾಡಿಗೆ ಮನೆ ಹುಡುಕುವವರು ಎಲ್ಲರೂ ಮೊದಲು ನನ್ನನ್ನೇ ಕೇಳುತ್ತಿದ್ದರು. ದಾವಣಗೆರೆಯಿಂದ ಬರಿಗೈಯಲ್ಲಿ ಬಂದು, ಮಕರಪುರದ ಕಾರ್ಖಾನೆಗಳಿಗೆ ರಟ್ಟಿನ ಪೆಟ್ಟಿಗೆ ಒದಗಿಸುವ ವ್ಯಾಪಾರ ಕಟ್ಟಿದವನು ನಾನು. ಯಾವ ಅಂಗಡಿಯವನು ಎಷ್ಟರವರೆಗೆ ಇಳಿಯುತ್ತಾನೆಂಬುದು ಅವನು ಕ್ಯಾಲ್ಕುಲೇಟರ್ ಹಿಡಿಯುವ ರೀತಿಯಲ್ಲೇ ನನಗೆ ತಿಳಿಯುತ್ತದೆ.

ಹೀಗಿರುವಾಗ ಕೆಳಗಿನ ಮನೆಗೆ ಧಾರವಾಡದವರೊಬ್ಬರು ಬಂದರು. ವಿಮಾ ಕಚೇರಿಯಲ್ಲಿ ಕೆಲಸ, ವರ್ಗವಾಗಿ ಬಂದವರು. ಅವರ ಬಳಿ ಅಂಗೈಯಗಲದ ಹಳದಿ ಮೀಟರ್ ಇತ್ತು. ಯಾರ ಮನೆಯ ಮಿಕ್ಸಿ ನಿಂತರೂ ಅದರ ಕೆಂಪು ಕಪ್ಪು ತಂತಿ ತಗುಲಿಸಿ, ಕಾಸೂ ಮುಟ್ಟದೆ, ನಗುತ್ತಾ ದೋಷ ಹೇಳುತ್ತಿದ್ದರು. ಆರು ತಿಂಗಳಲ್ಲಿ ಜನ ಸಲಹೆಗೆಂದು ನಮ್ಮ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು. ಅದನ್ನು ಹೇಗೋ ಸಹಿಸಿಕೊಂಡೆ. ಕಾಲೇಜಿಗೆ ಹೋಗುವ ನನ್ನ ಮಗಳೂ ಅವರ ಬಾಗಿಲಲ್ಲಿ ನಿಂತು ಹರಟತೊಡಗಿದಾಗ ಸಹಿಸಲಾಗಲಿಲ್ಲ. ನನ್ನ ಹತ್ತಿರ ಎರಡು ವಾಕ್ಯ ಕನ್ನಡ ಆಡಿ ಹಿಂದಿಗೆ ಜಾರುವವಳು, ಅವರೆದುರು ತಡವರಿಸುತ್ತಲಾದರೂ ಕನ್ನಡವನ್ನೇ ಮಾತಾಡುತ್ತಿದ್ದಳು.

ಆ ದಿನಗಳಲ್ಲೇ ನನ್ನ ಬೈಕಿನ ಸೆಲ್ಫ್ ಒತ್ತಿದರೆ ಟಿಕ್ ಟಿಕ್ ಎಂದು ಸುಮ್ಮನಾಗತೊಡಗಿತು. ಮಗಳು ತರಬೇತಿಗೆಂದು ಮಕರಪುರದ ಒಂದು ಕಾರ್ಖಾನೆಗೆ ಅದೇ ಬೈಕಿನಲ್ಲಿ ಹೋಗುವವಳಿದ್ದಳು. ಕೆಳಗಿನವರಿಗೆ ಗೊತ್ತಾಗಬಾರದೆಂದು ನಾನು ಗಾಡಿಯನ್ನು ಗೇಟಿನಾಚೆಗೆ ತಳ್ಳಿಕೊಂಡು ಹೋಗಿ ಕಿಕ್ ಹೊಡೆಯುತ್ತಿದ್ದೆ. ಆದರೂ ಒಂದು ಬೆಳಿಗ್ಗೆ ಅವರು ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕೇಳಿದರು:

“ಏನ್ರಿ ಸಾಹುಕಾರ್ರ, ನಿಮ್ಮ ಹಾರ್ನಿಗೆ ನೆಗಡಿ ಆದಂಗೈತಲ್ಲ. ಬ್ಯಾಟರಿಗೆ ಒಂದ್ಸಲ ಮೀಟರ್ ಹಚ್ಚಿ ನೋಡೂಣೇನು?”

“ಬ್ಯಾಟರಿ ಹೋಗಿದೆ ಅಂತ ಹೇಳೋಕೆ ಮೀಟರ್ ಯಾಕ್ರೀ, ಕಿವಿ ಸಾಕು” ಎಂದು ಹೊರಟೆ. ನನ್ನ ಮಾತೇನೂ ಸುಳ್ಳಾಗಿರಲಿಲ್ಲ. ಹಾರ್ನ್ ಕುಗ್ಗಿತ್ತು, ಸೆಲ್ಫ್ ಒತ್ತಿದೊಡನೆ ಹೆಡ್‌ಲೈಟ್ ಮಂಕಾಗುತ್ತಿತ್ತು, ಬ್ಯಾಟರಿಗೆ ನಾಲ್ಕು ವರ್ಷವಾಗಿತ್ತು.

ಅಂದೇ ಅಂಗಡಿಗೆ ಹೋದೆ. ನೀವೂ ಬ್ಯಾಟರಿ ಕೊಳ್ಳುವುದಿದ್ದರೆ ಹಳೆಯದನ್ನು ಮೊದಲೇ ತೋರಿಸಬೇಡಿ. ಹೊಸದರ ಬೆಲೆ ಇಳಿಸಿ, ಆಮೇಲೆ ಹಳೆಯದನ್ನು ಮೇಜಿನ ಮೇಲಿಟ್ಟು ಅದರ ಬೆಲೆಯನ್ನೂ ಮುರಿಸಿಕೊಳ್ಳಿ. ನಾನು ಹಾಗೆಯೇ ಮಾಡಿದೆ. ಅಂಗಡಿಯವನು ಹೊಸ ಬ್ಯಾಟರಿಗೆ ಆಸಿಡ್ ತುಂಬಿ, “ಕಾಕಾ, ಕಾಲೆ ಆವ್‌ಜೊ” ಎಂದ. ನಾಳೆ ಬನ್ನಿ ಎಂದು ಅರ್ಥ; ಮೊದಲ ಚಾರ್ಜ್ ಪೂರ್ತಿ ಆಗಬೇಕಂತೆ. ನಾಳೆಯವರೆಗೆ ಕಾದರೆ, ಬೆಳಿಗ್ಗೆ ಕಟ್ಟೆಯ ಮುಂದೆ ಮತ್ತೆ ಗಾಡಿ ತಳ್ಳಬೇಕಿತ್ತು. “ಚಾರ್ಜ್ ಓಡಿಸ್ತಾ ತಾನೇ ಆಗುತ್ತೆ. ಅದರ ದುಡ್ಡು ಮುರಿದು ಕೊಡು” ಎಂದೆ. ಅವನು ತಲೆಯಾಡಿಸಿದ, ಬೇಡವೆಂದ, ಕೊನೆಗೆ ಕೊಟ್ಟ. ಮರುದಿನ ಕಟ್ಟೆಯ ಮುಂದೆಯೇ ಸೆಲ್ಫ್ ಒತ್ತಿ, ಅಗತ್ಯವಿಲ್ಲದಿದ್ದರೂ ಎರಡು ಸಲ ಹಾರ್ನ್ ಹೊಡೆದೆ. ಚಾರ್ಜಿಂಗ್ ದುಡ್ಡನ್ನೂ ಮುರಿಸಿದ ಕಥೆಯನ್ನು ಊಟಕ್ಕೆ ಕೂತಾಗ ಮಗಳಿಗೆ ರಸವತ್ತಾಗಿ ಹೇಳಿದೆ.

ಎರಡು ತಿಂಗಳೂ ಆಗಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಮಕರಪುರದ ಗೋದಾಮಿನಲ್ಲಿದ್ದಾಗ ಫೋನ್ ಬಂತು. ಮಗಳದ್ದಲ್ಲ, ಕೆಳಗಿನವರದ್ದು.

“ನಿಮ್ಮ ಹುಡುಗಿ ಗಾಡಿ ಕಾರ್ಖಾನಿ ಮುಂದ ನಿಂತೈತಂತ್ರಿ, ಆಕಿಗೆ ಕಿಕ್ ಹೊಡ್ಯಾಕ ಆಗವಲ್ದಂತ. ನಾ ಹೊಂಟೀನಿ. ನೀವು ಹತ್ರ ಅದೀರಿ, ಅಲ್ಲೀ ತನಕಾ ಆಕಿ ಜೋಡಿ ಇರ್ರಿ.”

ಅವಳು ನಿಂತಿದ್ದ ಜಾಗ ನನ್ನ ಗೋದಾಮಿನಿಂದ ಎರಡು ಬೀದಿಯಾಚೆ. ಎರಡು ಬೀದಿಯಾಚೆ ಇದ್ದ ಅಪ್ಪನನ್ನು ಬಿಟ್ಟು, ಅವಳು ಊರಿನ ಆ ತುದಿಯಲ್ಲಿರುವವರನ್ನು ಕರೆದಿದ್ದಳು. ನಡೆದುಹೋಗುವಾಗ ಬಿಸಿಲಿಗಿಂತ ಹೆಚ್ಚು ಅದೇ ಸುಟ್ಟಿತು.

“ನನಗೆ ಯಾಕೆ ಮಾಡಲಿಲ್ಲ?” ಎಂದೆ.

“ಅಪ್ಪ, ನೀನು ಬಂದ್ರೆ ಮೊದಲು ನನ್ನದೇ ಮಿಸ್ಟೇಕ್ ಅಂತೀಯ ನಾ. ಅಂಕಲ್ ಮೊದಲು ಗಾಡಿ ನೋಡ್ತಾರೆ.”

ಅವರು ಬಂದು ಮೀಟರ್ ಹಚ್ಚಿದರು. ಸೆಲ್ಫ್ ಒತ್ತಿದಾಗ, ಹತ್ತು ವೋಲ್ಟಿನ ಕೆಳಗಿಳಿಯಬಾರದ ಅಂಕಿ ಏಳಕ್ಕೆ ಕುಸಿಯಿತು. ಕಿಕ್ ಹೊಡೆದು ಎಂಜಿನ್ ಓಡಿಸಿದಾಗ ಹದಿನಾಲ್ಕು ತೋರಿಸಿತು. “ಗಾಡಿ ಚಾರ್ಜ್ ಕೊಡಾಕತ್ತೈತಿ. ಹಿಡ್ಕೊಳ್ಳೂದು ಬ್ಯಾಟರಿಗೆ ಆಗವಲ್ದು. ಹೊಸಾದಲ್ರಿ ಇದು? ಅಂಗಡ್ಯಾಂವ ಮೊದಲ್ನೇ ಚಾರ್ಜ್ ಮಾಡ್ಲಾರದ ಕೊಟ್ಟಾನ ಮಗ.”

ಮಗಳು ನನ್ನ ಮುಖ ನೋಡಿದಳು. ಊಟದ ಹೊತ್ತಿನ ಕಥೆ ಅವಳಿಗೆ ಮರೆತಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಅವಳು ಹೇಳಿಬಿಟ್ಟಿದ್ದರೆ ನಾನು ರೇಗಿ ಪಾರಾಗುತ್ತಿದ್ದೆ.

“ಅವನದ್ದಲ್ಲ ತಪ್ಪು. ನಾಳೆ ಬನ್ನಿ ಅಂದಿದ್ದ. ನಾನೇ ಚಾರ್ಜ್ ಬೇಡ ಅಂದೆ” ಎಂದೆ. ಅವರು ನಗುತ್ತಾರೆಂದು ಕಾದೆ. ನಗಲಿಲ್ಲ, ತಂತಿ ಸುತ್ತಿಕೊಂಡು, “ಆಗ್ತೈತ್ರಿ” ಎಂದರಷ್ಟೆ. ಆ ದೊಡ್ಡತನದ ಮೇಲೂ ನನಗೆ ಹೊಟ್ಟೆ ಉರಿಯಿತು.

ಈ ಸಲ ಇನ್ನೊಂದು ಹೊಸ ಬ್ಯಾಟರಿ ಕೊಂಡು, ಪೂರ್ತಿ ಚಾರ್ಜ್ ಆಗಲೆಂದು ಅಂಗಡಿಯಲ್ಲೇ ಬಿಟ್ಟು ಬಂದೆ. ಹಾಗೆಯೇ ಒಂದು ಮೀಟರನ್ನೂ ಕೊಂಡೆ, ಅವರದ್ದಕ್ಕಿಂತ ಸ್ವಲ್ಪ ದೊಡ್ಡದು. ಮರುದಿನ ಬ್ಯಾಟರಿ ಕೂರಿಸಿ, ಮಗಳಿಗೆ ಕಲಿಸೋಣವೆಂದು ಕರೆದರೆ, ನಾನು ಬಾಯಿ ತೆರೆಯುವ ಮೊದಲೇ ಅವಳು ಗುಂಡಿ ತಿರುಗಿಸಿ ಕೆಂಪನ್ನು ಪ್ಲಸ್ಸಿಗೂ ಕಪ್ಪನ್ನು ಮೈನಸ್ಸಿಗೂ ಇಟ್ಟಳು. ಯಾರು ಕಲಿಸಿದರೆಂದು ಕೇಳಬೇಕಾಗಿರಲಿಲ್ಲ.

ಮೊನ್ನೆ ಕಾರ್ಖಾನೆಯಿಂದ ಫೋನ್ ಮಾಡಿದಳು. “ಅಪ್ಪ, ಇಂಡಿಕೇಟರ್ ಬ್ಲಿಂಕ್ ಆಗ್ತಾ ಇಲ್ಲ. ಏನ್ ನೋಡ್ಲಿ?”

ಯಾರನ್ನಾದರೂ ಮೊದಲೇ ಕೇಳಿದ್ದೀಯಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, “ಅಲ್ಲೇ ಇರು, ಬಂದು ಮೊದಲು ಗಾಡಿ ನೋಡ್ತೀನಿ” ಎಂದೆ.