ಮುಚ್ಚಳ ತೆಗೆಯದ ಬಾಟಲಿ

ನನ್ನ ಗಂಡ ಪ್ರವಾಸಿಗರ ಹಡಗಿನಲ್ಲಿ ಅಡುಗೆಯವರಾಗಿದ್ದರು. ಹಡಗು ಸುತ್ತುತ್ತಿದ್ದದ್ದು ಕೆರಿಬಿಯನ್ ದ್ವೀಪಗಳನ್ನು. ರಜೆಗೆ ಪಾಂಡವಪುರದ ಪಕ್ಕದ ನಮ್ಮೂರಿಗೆ ಬಂದರೆ ಆ ಕಡೆಯ ಊಟದ್ದೇ ಮಾತು. ತೆಂಗಿನ ಹಾಲಿನಲ್ಲಿ ಕಾಳು ಹಾಕಿ ಬೇಯಿಸಿದ ಅನ್ನ, ಉಪ್ಪುಮೀನು, ತಿಂಗಳುಗಟ್ಟಲೆ ರಮ್ಮಿನಲ್ಲಿ ನೆನೆದ ಹಣ್ಣು ಹಾಕಿದ ಕ್ರಿಸ್‌ಮಸ್ ಕೇಕು.

“ಅಲ್ಲೂ ಕಬ್ಬೇ ಕಣಮ್ಮಿ. ನಮ್ಮ ಸಕ್ಕರೆ ಫ್ಯಾಕ್ಟ್ರಿ ಕಾಕಂಬಿ ವಾಸ್ನೆ ಐತಲ್ಲ, ಅದೇ ವಾಸ್ನೆ. ಅದ್ರಲ್ಲೇ ರಮ್ಮು ಮಾಡ್ತಾರೆ” ಎನ್ನುತ್ತಿದ್ದರು.

ಅಲ್ಲಿ ಸಾವಾದ ಮನೆಗೆ ಒಂಬತ್ತು ರಾತ್ರಿ ನೆರೆಯವರು ಬಂದು, ಉಂಡು, ಕುಡಿದು, ಹಾಡಿ ಸತ್ತವರನ್ನು ಕಳಿಸಿಕೊಡುತ್ತಾರಂತೆ. ಹೊಸ ಬಾಟಲಿ ತೆಗೆದರೆ ಮೊದಲ ಗುಟುಕು ನೆಲಕ್ಕೆ, ಹೋದವರಿಗೆ.

ಕೊನೆಯ ಸಲ ಒಂದು ಬಾಟಲಿ ರಮ್ ತಂದಿದ್ದರು. ಮನೆಯಲ್ಲಿ ತೆಗೆಯುವಂತಿರಲಿಲ್ಲ. ಮಾವ ಕುಡಿದು ಕುಡಿದೇ ಹೋದವರು. ಅಂದಿನಿಂದ ಅತ್ತೆ ಹೆಂಡವನ್ನು ಹೊಸ್ತಿಲು ದಾಟಲು ಬಿಟ್ಟಿಲ್ಲ. ಪಿತೃಪಕ್ಷದಲ್ಲಿ ಮಾವನ ಎಡೆಗೂ ಇಟ್ಟಿಲ್ಲ.

“ನನ್ನ ಎಡೆಗಾದ್ರೂ ಇದ್ನ ಮಡಗು” ಎಂದು ನಗುತ್ತಾ ಬಾಟಲಿಯನ್ನು ನನ್ನ ಸೀರೆಗಳ ಕೆಳಗೆ ಸೇರಿಸಿದರು. ರಜೆ ಮುಗಿಯುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು.

ಈ ವರ್ಷ ಅವರ ಮೊದಲ ಎಡೆ. ಎಡೆಗೆ ರಮ್ ಇಡಲೇ ಎಂದು ಬೆಳಿಗ್ಗೆಯೇ ಅತ್ತೆಯನ್ನು ಕೇಳಿದೆ.

“ಅದು ಒಳಕ್ಕೆ ಬಂದ್ರೆ ನಾನು ಎಡೆ ಮುಂದೆ ಕೂರಾಕಿಲ್ಲ” ಎಂದರು.

ಸಂಜೆ ಎಲೆಯಲ್ಲಿ ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ ಬಡಿಸಿದೆವು. ಪಕ್ಕದಲ್ಲಿ ಅವರ ಅಂಗಿ, ಪಂಚೆ. ಅತ್ತೆ ಸಾಂಬ್ರಾಣಿಗೆ ಕೆಂಡ ತರಲು ಹೋದಾಗ ಸೆರಗಿನಡಿಯ ಬಾಟಲಿಯನ್ನು ಪಂಚೆಯ ಮರೆಗೆ ಇಟ್ಟೆ.

ನಮ್ಮ ಕಡೆ ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುತ್ತೇವೆ. ಹೋದವರು ಬಂದು ಉಣ್ಣುವ ಹೊತ್ತು ಅದು. ಆಮೇಲೆ ಕೆಮ್ಮಿ, ಸದ್ದು ಮಾಡಿ ಬಾಗಿಲು ತೆಗೆಯಬೇಕು. ತೆಗೆದರೆ ಆ ವರ್ಷದ ಊಟ ಮುಗಿಯಿತು. ಎಲ್ಲರೂ ಜಗುಲಿಯಲ್ಲಿ ಕೂತೆವು.

“ಅಣ್ಣ ಉಂಡು ಕೈ ತೊಳ್ದಿರ್ತಾನೆ, ತಗಿಯವ್ವ ಬಾಗ್ಲ. ಬಾಡು ಆರೋಯ್ತದೆ” ಎಂದ ಮೈದುನ.

“ನಿಂಗೆ ಹೊಟ್ಟೆದೇ ಯೋಚ್ನೆ ಕಣ್ಲಾ” ಎಂದು ಗದರಿ, ಅತ್ತೆ ಕೆಮ್ಮಿ ಒಳಗೆ ಹೋದರು. ಅಲ್ಲೇ ನಿಂತುಬಿಟ್ಟರು. ಮತ್ತೆ ಸಾಂಬ್ರಾಣಿ ಹಾಕಲು ಪಂಚೆ ಸರಿಸಿದಾಗ ಬಾಟಲಿ ಕಂಡಿತ್ತು.

“ಯಾರು ಮಡಗಿದ್ದು ಇದ್ನ?”

“ನಾನೇ ಅತ್ತೆ. ಅವ್ರು ಕೇಳಿದ್ರು.”

ಬಾಟಲಿಯನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದರು.

“ಮುಚ್ಚಳಾನೇ ತಗ್ದಿಲ್ವಲ್ಲೇ. ನನ್ನ ಮಗ ಎಂಗೆ ಕುಡಿದಾನು?”

ಇಡುವ ಹೆದರಿಕೆಯಲ್ಲಿ ನನಗೆ ಅದೊಂದು ಹೊಳೆದಿರಲಿಲ್ಲ. ಬಾಗಿಲು ತೆಗೆದಾಗಿತ್ತು.

“ಅಲ್ಲಿ ನೆಲಕ್ಕೆ ಸುರೀತಾರಂತೆ” ಎಂದೆ.

ಅತ್ತೆ ಬಾಟಲಿ ಹಿಡಿದು ಹಿತ್ತಲಿಗೆ ನಡೆದರು. ಕಲ್ಲಿಗೆ ಕುಕ್ಕುತ್ತಾರೆಂದೇ ಹಿಂದೆ ಓಡಿದೆ. ತೆಂಗಿನ ಮರದ ಬುಡದಲ್ಲಿ ನಿಂತು ಅದನ್ನು ನನ್ನ ಕೈಗೆ ಕೊಟ್ಟರು.

“ತಗಿ.”

ತಿರುಚಿದೆ. ಕಾಕಂಬಿಯ ವಾಸನೆ ಬಂತು. ಒಂದು ಮುಚ್ಚಳ ಬುಡಕ್ಕೆ ಸುರಿದೆ. ಮಣ್ಣು ಹೀರಿಕೊಂಡಿತು. ಬಾಟಲಿ ಮುಚ್ಚಲು ಹೋದರೆ ಅತ್ತೆ ನನ್ನ ಮಣಿಕಟ್ಟು ಹಿಡಿದರು.

“ಇನ್ನೊಂದು ಮುಚ್ಚಳ ಉಯ್ಯಿ. ನಿಮ್ಮ ಮಾವಂಗೆ.”

ನಾನು ಬಾಟಲಿ ಬಗ್ಗಿಸಿದೆ.

“ತುಂಬಿಸ್ಬ್ಯಾಡ” ಎಂದರು. “ಅವಯ್ಯಂಗೆ ಅರ್ಧ ಸಾಕು.”